ಬರುವವರ ಹೆಸರು

ನಮ್ಮೂರಿನಿಂದ ಹೊರಟ ಗಾಡಿ ದಾರಿಯಲ್ಲಿ ಒಂದು ಸಲ ನಿಲ್ಲುತ್ತದೆ. ಹೊಸದಿರಲಿ, ಹಳೆಯದಿರಲಿ, ಆ ಬೆಳಿಗ್ಗೆಯೇ ಗ್ಯಾರೇಜಿನಿಂದ ಬಂದಿರಲಿ, ನಿಂತೇ ನಿಲ್ಲುತ್ತದೆ. ಎರಡನೆಯ ಸಲ ನಿಲ್ಲುವುದಿಲ್ಲ. ಗೇಟಿನಾಚೆಯ ಮೊದಲ ತಿರುವಿನಲ್ಲೋ, ಇನ್ನೇನು ತಲುಪಿದೆವು ಎನ್ನುವಾಗಲೋ, ಎಲ್ಲಿ ಎಂಬುದನ್ನು ಮಾತ್ರ ಯಾರೂ ಹೇಳಲಾರರು. ಪ್ರಯಾಣ ಮುಗಿಸಿ ಬಂದವರನ್ನು "ಹೇಗಿತ್ತು?" ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. "ಎಲ್ಲಿ ನಿಂತಿತು?" ಎಂದು ಕೇಳುತ್ತಾರೆ. ದೂರ ನಿಂತಷ್ಟೂ ಹೆಚ್ಚುಗಾರಿಕೆ. ಗೇಟಿಗೆ ಕಾಣುವಷ್ಟು ಹತ್ತಿರದಲ್ಲಿ ನಿಂತವರು ಕೆಲವು ದಿನ ಸಂತೆಗೆ ಬರದೆ ತಲೆ ತಪ್ಪಿಸಿಕೊಳ್ಳುತ್ತಾರೆ.

ನಿಂತ ಗಾಡಿಯನ್ನು ಯಾವ ಮೆಕ್ಯಾನಿಕ್ಕೂ ಹೊರಡಿಸಲಾರ. ಅದಕ್ಕೆ ಊರಿನಿಂದ ಒಬ್ಬರು ಬರಬೇಕು. ಊರಿಗಿರುವುದು ಒಂದೇ ರಸ್ತೆ. ಅದರ ಬಾಯಲ್ಲೊಂದು ಗೇಟು, ಗೇಟಿನ ಪಕ್ಕ ಜಬ್ಬಾರ್ ಸಾಬರ ಚಹಾದ ಒಲೆ. ಹೊರಡುವವರು ಅಲ್ಲಿ ನಿಲ್ಲುತ್ತಾರೆ. ಸಾಬರು ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡು ಬಂದು, ಗಾಡಿಯ ಮೇಲೆ ಅಂಗೈ ಇಟ್ಟು, "ಬರುವವರು ಯಾರು?" ಎಂದು ಕೇಳುತ್ತಾರೆ. ಒಂದೇ ಹೆಸರು ಹೇಳಬೇಕು, ಗಟ್ಟಿಯಾಗಿ. ಸಾಬರ ಅಂಗೈ ಗಾಡಿಯ ಮೇಲಿರುವಾಗ ಹೇಳಿದ ಹೆಸರನ್ನು ಬದಲಿಸುವಂತಿಲ್ಲ. ಮುಂದೆ ಗಾಡಿ ಎಲ್ಲಿ ನಿಂತರೂ, ಆ ಗಳಿಗೆಗೆ ಸರಿಯಾಗಿ, ಹೆಸರು ಹೇಳಿಸಿಕೊಂಡವರ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಸೌಟಾದರೆ ಸೌಟು, ಸೀಮೆಸುಣ್ಣವಾದರೆ ಸೀಮೆಸುಣ್ಣ. ಅವರು ಎದ್ದು ಹೊರಡುತ್ತಾರೆ. ಬರುವವರ ಗಾಡಿ ಎಲ್ಲೂ ನಿಲ್ಲುವುದಿಲ್ಲ. ಅವರು ಬಂದು ಅಂಗೈ ಇಟ್ಟರೆ ಸಾಕು, ನಿಂತದ್ದು ಹೊರಡುತ್ತದೆ.

ಹಾಗಾಗಿ ನಮ್ಮೂರಿನಲ್ಲಿ ಗಾಜಿನ ಲೋಟ ಮಾರುವ ಅಂಗಡಿಯಿಲ್ಲ. ಎಲ್ಲರ ಮನೆಯ ಸ್ಟೀಲು ಪಾತ್ರೆಗಳೂ ನೆಗ್ಗಿವೆ. ಹೆಸರು ಹೇಳಿಸಿಕೊಂಡ ದಿನ ಕ್ಷೌರಿಕರು ಕತ್ತಿ ಹಿಡಿಯುವುದಿಲ್ಲ, ತಾಯಂದಿರು ಕೂಸನ್ನು ತೊಟ್ಟಿಲಿನಿಂದ ಎತ್ತುವುದಿಲ್ಲ. ಅಂಥವರನ್ನು ಬೀದಿಯ ಆ ತುದಿಯಿಂದಲೇ ಗುರುತಿಸಬಹುದು. ಚಹಾದ ಲೋಟವನ್ನು ಎರಡೇ ಬೆರಳಿನಲ್ಲಿ, ಮೈಯಿಂದ ಆದಷ್ಟು ದೂರ ಹಿಡಿದಿರುತ್ತಾರೆ, ಬಿದ್ದರೆ ಬಟ್ಟೆಗೆ ಕಲೆಯಾಗದಿರಲಿ ಎಂದು. ಬಸ್ಸಿನವರ ಕಥೆ ಬೇರೆ. ಬಸ್ಸಿಗೆ ಡ್ರೈವರಿನ ಹೆಂಡತಿಯೇ ಬರುವವಳು. ಬೆಳಗಿನ ಬಸ್ಸಿನ ಡ್ರೈವರಿನ ಹೆಂಡತಿ ಬರುವಾಗ ಎಲ್ಲರಿಗೂ ಆಗುವಷ್ಟು ಪುಳಿಯೋಗರೆ ತರುತ್ತಾಳೆ. ಮಧ್ಯಾಹ್ನದ ಬಸ್ಸಿನವನ ಹೆಂಡತಿ ಬೈದುಕೊಂಡು ಬರುತ್ತಾಳೆ. ಬೆಳಗಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಹೆಸರೆಂದರೆ ರೇಷನ್ ಕಾರ್ಡಿನ ಹೆಸರಲ್ಲ. ಕೂಗಿದರೆ ಆ ಮನುಷ್ಯ ತಲೆ ತಿರುಗಿಸಬೇಕು, ಅಂಥ ಹೆಸರು. ಊರಿನ ದೊಡ್ಡ ವಕೀಲರು ಒಮ್ಮೆ ಗೇಟಿನಲ್ಲಿ ನಾಚಿಕೊಂಡು ಹೆಂಡತಿಯ ಮದುವೆ ಪತ್ರಿಕೆಯ ಹೆಸರು ಹೇಳಿ, ಎರಡು ಹಗಲು ಹೊಲದ ಬದುವಿನಲ್ಲಿ ಕೂತಿದ್ದರಂತೆ. ಕೊನೆಗೆ ಆಕೆಯೇ ಅನುಮಾನ ಬಂದು ಹುಡುಕಿಕೊಂಡು ಹೋಗಿ ಅವರನ್ನು ಕರೆತಂದರು. ಕಾರು ಮಾತ್ರ ಬರಲಿಲ್ಲ. ಈಗ ವಕೀಲರು ಹೊಸ ಕಾರಿನಲ್ಲಿ ಕೂತು, ಕಪ್ಪು ಕೋಟು ಹಾಕಿಕೊಂಡೇ, "ಚಿನ್ನುಮರಿ" ಎಂದು ಕೂಗಿ ಹೇಳಿ ಹೊರಡುತ್ತಾರೆ. ಯಾರೂ ನಗುವುದಿಲ್ಲ. ಗೇಟಿನಲ್ಲಿ ಹೇಳಿದ ಹೆಸರಿಗೆ ನಗಬಾರದು. ಮನೆಯಲ್ಲಿ ಗಂಡನ ಹೆಸರು ಹೇಳದ ಹೆಂಗಸರೂ ಅಲ್ಲಿ ಹೇಳುತ್ತಾರೆ. ತಪ್ಪು ಹೆಸರು ಹೇಳಿದ ಗಾಡಿಗಳೂ ಕೆಲವು ರಸ್ತೆಯ ಬದಿಯಲ್ಲಿವೆ. ಹುಣಸೆಮರದ ಕೆಳಗೆ ಒಂದು ಲಾರಿಯಿದೆ. ಅದರ ಮೈತುಂಬ ಸೋರೆಬಳ್ಳಿ ಹಬ್ಬಿದೆ. ಅದರ ಮಾಲೀಕ ಹೇಳಿದ ಹೆಸರಿನ ಗೆಳೆಯ ಆ ವೇಳೆಗೆ ತೀರಿಕೊಂಡಿದ್ದನಂತೆ. ಇವನಿಗೆ ಸುದ್ದಿ ತಲುಪಿರಲಿಲ್ಲ. ಲಾರಿ ಇನ್ನು ಹೊರಡುವುದಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದ್ದೆ. ನಾನು ನೋಡಿದ ಯಾವ ನಕ್ಷೆಯಲ್ಲೂ ಈ ಊರಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇದನ್ನು ಅತ್ತೆಗೆ ಹೇಳಿದೆ. "ನಕ್ಷೆ ಬರೆಯೋನ ಗಾಡಿ ಈ ಕಡೆ ಬರೋಕೆ ಮುಂಚೆನೇ ನಿಂತಿರ್ಬೇಕು," ಎಂದರು.

ಮದುವೆಯ ದಿನ ಧಾರೆಯಾದ ಮೇಲೆ ಇಲ್ಲಿ ಇನ್ನೊಂದು ಶಾಸ್ತ್ರವಿದೆ. ಮದುಮಗನ ಗಾಡಿಯನ್ನು ಚಪ್ಪರದ ಕೆಳಗೆ ತರುತ್ತಾರೆ. ತಾಯಿ ಅದರ ಮೇಲೆ ಅಂಗೈ ಇಡುತ್ತಾಳೆ. ಅದರ ಮೇಲೆ ಮದುಮಗಳು ತನ್ನ ಅಂಗೈ ಇಡುತ್ತಾಳೆ. ಆಮೇಲೆ ತಾಯಿ ತನ್ನ ಕೈಯನ್ನು ಮೆಲ್ಲಗೆ ಕೆಳಗಿನಿಂದ ಎಳೆದುಕೊಳ್ಳುತ್ತಾಳೆ. ಅಂದಿನಿಂದ ಬರುವವಳು ಹೆಂಡತಿ. ನಮ್ಮ ಮದುವೆಯಲ್ಲಿ ಶ್ರೀಕಂಠನ ಮೋಟಾರ್‌ಸೈಕಲ್ಲು ತಂದು ನಿಲ್ಲಿಸಿದ್ದರು. ಅತ್ತೆ ಕೈ ಎಳೆದುಕೊಂಡವರು ಆ ಕೈಗೆ ಏನು ಕೆಲಸ ಕೊಡಬೇಕೆಂದು ತೋರದೆ, ಸೆರಗಿನಿಂದ ಪೆಟ್ರೋಲ್ ಟ್ಯಾಂಕನ್ನು ಒರೆಸಿದ್ದು ನನಗೆ ನೆನಪಿದೆ. ಆಮೇಲೆ ಅವರ ಕೈಯಿಂದ ಏನೂ ಬಿದ್ದಿರಲಿಲ್ಲ. "ನನ್ನ ಕೈಯಿಂದ ಒಂದು ಚಮಚ ಬಿದ್ದಿಲ್ಲ ಕಣೇ, ನಿನ್ನ ಮದುವೆ ಆದಾಗಿಂದ," ಎಂದು ಆಗಾಗ ಹೇಳುವರು. ಜಂಬವೆಂದು ತಿಳಿದಿದ್ದೆ.

ಶ್ರೀಕಂಠ ಸ್ಟುಡಿಯೊಗಳಿಗೆ ಫೋಟೊ ಚೌಕಟ್ಟು ಮಾರುತ್ತಿದ್ದ. ವಾರಕ್ಕೊಮ್ಮೆಯಾದರೂ ನನ್ನ ಕೈಯಿಂದ ಏನಾದರೂ ಬೀಳುತ್ತಿತ್ತು. ಬಾಡಿಗೆ ಸ್ಕೂಟರು ಹತ್ತಿ ಹೋದರೆ, ಅವನು ಯಾವುದಾದರೂ ಮೋರಿಯ ಕಟ್ಟೆಯ ಮೇಲೆ ಬೂಟು ಬಿಚ್ಚಿಟ್ಟು ಕೂತಿರುತ್ತಿದ್ದ. ಸುತ್ತ ಕಡಲೆಕಾಯಿ ಸಿಪ್ಪೆ. "ಮೇಡಮ್ಮೋರ ಸವಾರಿ ಈಗ ಬಂತಾ?" ಎನ್ನುತ್ತಿದ್ದ. ನಾನು ಹೈಸ್ಕೂಲಿನ ಪರೀಕ್ಷೆಯ ಕೆಲಸಕ್ಕೆಂದು ಅದೇ ಮೋಟಾರ್‌ಸೈಕಲ್ಲಿನಲ್ಲಿ ಹೊರಟಾಗ ಗೇಟಿನಲ್ಲಿ ಅವನ ಹೆಸರು ಹೇಳುತ್ತಿದ್ದೆ. ಬೇರೆ ಹೆಸರು ನಾನು ಅಲ್ಲಿ ಹೇಳಿಯೇ ಇರಲಿಲ್ಲ.

ಕಳೆದ ವರ್ಷ ಅವನಿಗೆ ಜ್ವರ ಬಂತು. ಅದರ ಬಗ್ಗೆ ಬರೆಯುವುದಿಲ್ಲ. ಆಮೇಲೆ ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದೆ, ಊಟ ಮಾಡಿದೆ, ಮಲಗಿದೆ. ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರ ಕೈಯಿಂದಲೂ ಏನೂ ಬೀಳಲಿಲ್ಲ.

ಮೋಟಾರ್‌ಸೈಕಲ್ಲು ಪಡಸಾಲೆಯಲ್ಲಿತ್ತು. ಅತ್ತೆ ದಿನವೂ ಬಾಗಿಲಿಗೆ ನೀರು ಹಾಕಿದ ಮೇಲೆ ಅದನ್ನು ಒರೆಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಿಕ್ ಹೊಡೆದು ಚಾಲೂ ಮಾಡುವರು. ಓಣಿಯವರಿಗೆಲ್ಲ ಅದೇ ಅಲಾರಾಂ. ಒಂದು ದಿನ, ಹೊಗೆಯ ನಡುವೆ ನಿಂತು, "ಈ ಎಮ್ಮೆ ಕಟ್ಟಿದಲ್ಲೇ ಸಾಯುತ್ತೆ ವಾರಿಜಾ. ಒಂದು ಸಲ ಎಲ್ಲಾದ್ರೂ ಮೇಯಿಸ್ಕೊಂಡು ಬಾ," ಎಂದರು.

"ಎಲ್ಲಿಗೆ ಅತ್ತೆ?"

"ಅದೇನೋ ಉಪ್ಪಿನ ಬಯಲು ಅಂತಿದ್ಯಲ್ಲ, ಪುಸ್ತಕ ಬರೆದಿದ್ದೆ ಅಂತ."

ಪುಸ್ತಕವಲ್ಲ, ಎಂ.ಎ.ಗೆಂದು ಬರೆದ ಪ್ರಬಂಧ. ರಸ್ತೆ ಮುಗಿಯುವಲ್ಲಿ ಒಂದು ಬಯಲಿದೆ. ಬೇಸಿಗೆಯಲ್ಲಿ ಕೆರೆ ಒಣಗಿ ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ ಉಪ್ಪು ನಿಲ್ಲುತ್ತದೆ. ಒಟ್ಟಿಗೆ ಹೋಗಬೇಕೆಂದು ನಾನೂ ಶ್ರೀಕಂಠನೂ ಹೇಳಿಕೊಳ್ಳುತ್ತಲೇ ಇದ್ದೆವು.

"ನಾನು ನೋಡಿಲ್ಲ ಅತ್ತೆ. ಓದಿ ಬರೆದದ್ದು."

"ನೋಡದೇನೇ ಬರೆದ್ಯಾ? ನೋಡದೇನೇ ಡಿಗ್ರಿ ಕೊಟ್ಟರಾ?"

"ಕೊಟ್ಟರು."

"ಒಳ್ಳೆ ಜನ," ಎಂದು ಅತ್ತೆ ಗಾಡಿ ಆಫ್ ಮಾಡಿದರು. "ಈಗಾದ್ರೂ ನೋಡ್ಕೊಂಡು ಬಾ. ಇಲ್ಲದಿದ್ರೆ ಡಿಗ್ರಿ ವಾಪಸ್ ಕೇಳ್ತಾರೆ."

ಆಗಲಿ ಎಂದೆ. ಆ ವರ್ಷವೆಲ್ಲ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. ಬೇಸಿಗೆ ರಜೆಗೆ ಹೊರಡುವುದೆಂದಾಯಿತು. ಉಳಿದದ್ದು ಒಂದೇ: ಗೇಟಿನಲ್ಲಿ ಯಾರ ಹೆಸರು ಹೇಳುವುದು? ತವರಿನವರು ಈ ಊರಿನವರಲ್ಲ, ಅವರು ಲೆಕ್ಕಕ್ಕಿಲ್ಲ. ಅತ್ತೆಗೆ ಮಂಡಿನೋವು, ಬಸ್ಸು ಹತ್ತಿದರೆ ವಾಂತಿ. ಆ ವಯಸ್ಸಿನಲ್ಲಿ ಅವರನ್ನು ಅಷ್ಟು ದೂರ ಓಡಿಸುವ ಯೋಚನೆಯನ್ನೇ ನಾನು ಮಾಡಲಿಲ್ಲ. ಜೊತೆಗೆ ಒಂದು ಹೆದರಿಕೆಯೂ ಇತ್ತು. ಸಾಬರು ಅಂಗೈ ಇಟ್ಟು ಕೇಳಿದಾಗ ನಾಲಿಗೆ ಹಳೆಯ ಹೆಸರನ್ನೇ ಹೇಳಿಬಿಟ್ಟರೆ? ಅವನ ಗಾಡಿಯೂ ಆ ಲಾರಿಯ ಹಾಗೆ ಎಲ್ಲೋ ನಿಂತು, ಅದರ ಮೇಲೂ ಬಳ್ಳಿ ಹಬ್ಬುತ್ತದೆ. ಉಳಿದಿದ್ದದ್ದು ಅದೊಂದು ಗಾಡಿ. ಹಾಗಾಗಿ ಹೊಸ ಹೆಸರೊಂದನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು ಬಾಯಿಪಾಠ ಮಾಡಬೇಕೆಂದುಕೊಂಡೆ.

ಅಂಥವರಿಗೆಂದೇ ಪೇಟೆಯಲ್ಲಿ ದಾರಿನೆರವಿನ ಅಂಗಡಿಗಳಿವೆ. ಯಾರೂ ಇಲ್ಲದವರಿಗೆ, ಇದ್ದವರೊಡನೆ ಮಾತು ಬಿಟ್ಟವರಿಗೆ ಅವರು ಬರುವವರನ್ನು ಒದಗಿಸುತ್ತಾರೆ. ಆದರೆ ಸುಮ್ಮನೆ ಹೆಸರು ಕೊಂಡು ಹೋದರೆ ನಡೆಯುವುದಿಲ್ಲ. ಬರುವವರು ನಮ್ಮ ಮನೆಯಲ್ಲಿ ಒಮ್ಮೆಯಾದರೂ ಉಂಡಿರಬೇಕು. ಇಲ್ಲದಿದ್ದರೆ ಗಾಡಿ ನಿಂತಾಗ ಅವರ ಕೈಯಲ್ಲಿದ್ದದ್ದು ಕೈಯಲ್ಲೇ ಇರುತ್ತದೆ. ಆದ್ದರಿಂದ ಅಂಗಡಿಯವರು ಪ್ಲಾನು ವಿವರಿಸಲು ಊಟದ ಹೊತ್ತಿಗೆ ಮನೆಗೇ ಬರುತ್ತಾರೆ. ನಮಗೆ ಹಿಡಿಸಿದರೆ ಹೆಸರು, ಹಿಡಿಸದಿದ್ದರೆ ಅವರಿಗೊಂದು ಊಟ.

ಅತ್ತೆ ಇದನ್ನು ಕೇಳಿ ಬೇಳೆಯ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಆಮೇಲೆ, "ಅಂಗಡಿಯಿಂದ ತರಿಸ್ತೀಯಾ," ಎಂದರು. ತರಿಸದೆ ಇನ್ನೇನು ಮಾಡಲಿ ಎಂದೆ. "ತರಿಸು, ತರಿಸು. ನನಗೇನು. ಬೇಳೆ ನೆನೆ ಹಾಕ್ತೀನಿ," ಎಂದು ಒಳಗೆ ಹೋದರು.

ಮೊದಲು ಬಂದವನು ಶೀಘ್ರ ಎಂಬ ಅಂಗಡಿಯ ಯುವಕ. ಹೆಲ್ಮೆಟ್ಟು ತೆಗೆಯಲಿಲ್ಲ, ಗಾಜನ್ನಷ್ಟೇ ಮೇಲೆತ್ತಿದ. "ಬೆಳ್ಳಿ ಪ್ಲಾನು, ಚಿನ್ನದ ಪ್ಲಾನು ಎರಡಿದೆ ಮೇಡಂ. ಎರಡರಲ್ಲೂ ಬೇಗ ಬರ್ತೀವಿ. ಚಿನ್ನದಲ್ಲಿ ಇನ್ನೂ ಬೇಗ." ಅತ್ತೆ ಸಾರು ಬಡಿಸುವಷ್ಟರಲ್ಲಿ ಬರಿ ಅನ್ನವನ್ನೇ ಉಂಡು ಮುಗಿಸಿದ್ದ. ಕೈ ತೊಳೆದು ಗಾಜು ಇಳಿಸಿಕೊಂಡು ಹೋದ. ಸಾರಿನ ಪಾತ್ರೆ ಹಿಡಿದು ಅತ್ತೆ ಬಾಗಿಲಿನಲ್ಲಿ ನಿಂತಿದ್ದರು.

"ಬರೋದೇನೋ ಬರ್ತಾನೆ," ಎಂದರು. "ಬಂದಿದ್ದ ಅನ್ನೋದು ನಿನಗೆ ಗೊತ್ತಾಗಲ್ಲ ಅಷ್ಟೆ."

ಎರಡನೆಯವರು ಗುರುಬಸಪ್ಪ, ನೆಮ್ಮದಿ ಅಂಗಡಿಯ ಮಾಲೀಕರು, ತಾವೇ ಬರುವವರು. ಅವರು ತಂದ ಚೀಲದಿಂದ ಒಂದೊಂದೇ ಸಾಮಾನು ತೆಗೆದು ಚಾಪೆಯ ಮೇಲೆ ಜೋಡಿಸಿದರು. ಕೊಡೆ, ಮಡಚುವ ಕುರ್ಚಿ, ಬಿಸಿನೀರಿನ ಫ್ಲಾಸ್ಕು, ಪಂಚರಿನ ಡಬ್ಬಿ, ಎಳೆಯುವ ಹಗ್ಗ, ಸೊಳ್ಳೆಬತ್ತಿ. "ಗಾಡಿ ನಿಲ್ಲೋದು ದೊಡ್ಡದಲ್ಲ ತಾಯಿ, ನಿಂತ ಮೇಲೆ ಕಾಯೋದು ದೊಡ್ಡದು," ಎಂದು ನಿಧಾನವಾಗಿ, ಉಪ್ಪಿನಕಾಯಿ ನೆಕ್ಕುತ್ತ ವಿವರಿಸಿದರು. ಎಲ್ಲವೂ ಚೆನ್ನಾಗಿತ್ತು. ಆಮೇಲೆ ಪ್ಲಾನಿನಲ್ಲಿ ಸೇರದ ಸಂಗತಿಗಳು ಬಂದವು. ಎರಡನೆಯ ಗುಡ್ಡ ದಾಟಿದರೆ ದುಡ್ಡು ಬೇರೆ. ಮಳೆ ಬಂದರೆ ಬೇರೆ. ಹಿಂದೆ ಇನ್ನೊಬ್ಬರು ಕೂತಿದ್ದರೆ ಬೇರೆ. "ಮತ್ತೆ, ತಪ್ಪು ತಿಳೀಬೇಡಿ. ನಾನು ಬಂದಾಗ ನೀವು ಅಳ್ತಾ ಇದ್ದರೆ ಅದೂ ಬೇರೆ. ಸಮಾಧಾನ ಮಾಡೋದಕ್ಕೆ ಹೊತ್ತು ಹಿಡಿಯುತ್ತೆ ನೋಡಿ."

"ಇವಳು ಅಳಲ್ಲ," ಎಂದರು ಅತ್ತೆ. "ಅತ್ತಿದ್ದರೆ ನಾನೇ ನಿಮಗೆ ಹೆಚ್ಚಿಗೆ ಕೊಡ್ತಿದ್ದೆ."

ಗುರುಬಸಪ್ಪನವರು ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಬಡಿಸಿದೆ. ಅವರು ಹೋದ ಮೇಲೆ ಅತ್ತೆ ಮಡಚುವ ಕುರ್ಚಿಯನ್ನು ಬಹಳ ಹೊಗಳಿದರು. ಮನುಷ್ಯನ ಬಗ್ಗೆ ಏನೂ ಹೇಳಲಿಲ್ಲ.

ಮೂರನೆಯವರು ಫಿಲೋಮಿನಾ. ಅವರದು ಅಂಗಡಿಯಲ್ಲ, ಹಳೆಯ ಹಳದಿ ಸ್ಕೂಟರು ಇಟ್ಟುಕೊಂಡು ಒಬ್ಬರೇ ಮಾಡುವ ಕೆಲಸ. ನಡುವಯಸ್ಸು, ದೊಡ್ಡ ನಗು. ಬಂದವರೇ ಅಡುಗೆಮನೆಗೆ ಹೋಗಿ, "ಅಮ್ಮಾ, ಕಾಯಿ ನಾನು ತುರೀಲಾ?" ಎಂದರು. ಪ್ಲಾನು ಯಾವುದೆಂದು ಕೇಳಿದೆ. "ಪ್ಲಾನು ಗೀನು ಏನಿಲ್ಲ ಮೇಡಂ. ನೀವು ನಿಂತ್ಕೊಳ್ತೀರಿ, ನಾನು ಬರ್ತೀನಿ. ಮಾತಾಡ್ಬೇಕು ಅಂದ್ರೆ ಮಾತಾಡ್ತೀನಿ, ಬೇಡ ಅಂದ್ರೆ ಹಾಡ್ತೀನಿ. ಹಾಡೂ ಬೇಡ ಅಂದೋರು ಇದುವರೆಗೆ ಸಿಕ್ಕಿಲ್ಲ." ಊಟದ ನಡುವೆ ತಾವು ಹೋಗಿಬಂದ ಜಾಗಗಳ ಕಥೆ ಹೇಳಿದರು. ಕಲ್ಲಿದ್ದಲಿನ ಊರು, ಗಾಳಿಯಂತ್ರಗಳ ಬೆಟ್ಟ, ನವಿಲು ದಾಟುವವರೆಗೆ ಕಾಯಬೇಕಾದ ದಾರಿ. ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು. ನಾನು ನಗಲಿಲ್ಲ, ಆದರೆ ಇನ್ನೊಂದು ತುತ್ತು ಹೆಚ್ಚಾಗಿಯೇ ಉಂಡೆ.

ಅತ್ತೆ ಅವರಿಗೆ ಬಡಿಸಿದ್ದೇ ಬಡಿಸಿದ್ದು. ಬಡಿಸುವಾಗೆಲ್ಲ ಒಂದೊಂದು ಪ್ರಶ್ನೆ. "ಆ ಉಪ್ಪಿನ ಬಯಲಿಗೆ ಹೋಗಿದ್ದೀಯೇನಮ್ಮ?" "ಅಲ್ಲಿ ನೆಲ ಹೆಜ್ಜೆ ಇಟ್ಟರೆ ಕುಸಿಯುತ್ತಂತಲ್ಲ, ಹೌದಾ?" "ನಿನ್ನ ಸ್ಕೂಟರಿನ ಹಿಂದೆ ಇನ್ನೊಬ್ಬರು ಕೂರಬಹುದೇನು?" ಫಿಲೋಮಿನಾ ಎಲ್ಲಕ್ಕೂ ಉತ್ತರಿಸಿದರು. ಬೀಳ್ಕೊಡಲು ಬಾಗಿಲಿಗೆ ಹೋದಾಗ ಸ್ಕೂಟರಿನ ಮೇಲೆ ಕೂತು, "ನಿಮ್ಮತ್ತೆಗೆ ನನ್ನ ಮೇಲೆ ಪ್ರೀತಿಯೋ ಹೊಟ್ಟೆಕಿಚ್ಚೋ ಗೊತ್ತಾಗ್ಲಿಲ್ಲ ಮೇಡಂ," ಎಂದರು. "ಎಷ್ಟು ಬಡಿಸಿದ್ರು ಅಂದ್ರೆ, ನಾನು ಏಳಲೇಬಾರ್ದು, ನಿಮ್ಮ ಹತ್ರ ಬರಲೇಬಾರ್ದು ಅನ್ನೋ ಹಾಗೆ ಬಡಿಸಿದ್ರು."

ಪ್ರೀತಿಯೇ ಇರಬೇಕು ಎಂದೆ. ಅವರ ಹೆಸರನ್ನೇ ಹೇಳುವುದೆಂದು ಗೊತ್ತುಮಾಡಿದೆ. ಅತ್ತೆಗೆ ತಿಳಿಸಿದಾಗ ಅವರು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತದೆ, "ಒಳ್ಳೆ ಹೆಂಗಸು," ಎಂದರು. "ಸಾರಿಗೆ ಉಪ್ಪು ಜಾಸ್ತಿ ಆಗಿದ್ರೂ ಹೇಳ್ಲಿಲ್ಲ." ಸಾರಿಗೆ ಉಪ್ಪು ಜಾಸ್ತಿಯಾಗಿರಲಿಲ್ಲ. ನಾನು ಹೆಸರನ್ನು ಬಾಯಿಪಾಠ ಮಾಡಿದೆ. ಶಾಲೆಗೆ ನಡೆಯುವಾಗ, ಬಟ್ಟೆ ಒಗೆಯುವಾಗ, ಫಿಲೋಮಿನಾ, ಫಿಲೋಮಿನಾ. ಅತ್ತೆ ಒಮ್ಮೆ ಕೇಳಿಸಿಕೊಂಡು, "ಮಂತ್ರ ಆಯ್ತಾ? ಕಾಫಿ ಆರ್ತಿದೆ," ಎಂದರು.

ಹೊರಡುವ ಬೆಳಿಗ್ಗೆ ಅತ್ತೆ ಗೇಟಿನವರೆಗೆ ತಾವೂ ಬರುವುದಾಗಿ ಹೇಳಿದರು. ಚಿತ್ರಾನ್ನದ ಡಬ್ಬಿಯನ್ನು ನನ್ನ ಬ್ಯಾಗಿಗೆ ತುರುಕಿ, ತಮ್ಮ ತೋಳಿಗೊಂದು ಬಟ್ಟೆಯ ಚೀಲ ಸಿಕ್ಕಿಸಿಕೊಂಡು, ಒಂದೇ ಬದಿಗೆ ಕಾಲು ಹಾಕಿ ಹಿಂದೆ ಕೂತರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. "ಬಿಟ್ಟು ಬರೋಕೆ ಹೊರಟೆ, ಅಷ್ಟೇನೆ," ಎಂದು ಅತ್ತೆ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದರು.

ಗೇಟಿನಲ್ಲಿ ಫಿಲೋಮಿನಾ ಹಳದಿ ಸ್ಕೂಟರಿಗೆ ಒರಗಿ ನಿಂತಿದ್ದರು. ಹೆಸರು ಹೇಳುವಾಗ ಎದುರಿಗಿರುವುದು ಅವರ ಪದ್ಧತಿಯಂತೆ. ಅತ್ತೆ ಇಳಿದು, ಒಲೆಯ ಹತ್ತಿರ ಹೋಗಿ ಒಂದು ಚಹಾ ಹಾಕಿಸಿಕೊಂಡರು. ಜಬ್ಬಾರ್ ಸಾಬರು ಟವೆಲಿಗೆ ಕೈ ಒರೆಸಿಕೊಂಡು ಬಂದು ನನ್ನನ್ನು ನೋಡಿ, "ಬಹಳ ದಿನ ಆಯ್ತಮ್ಮ," ಎಂದರು. ಅಷ್ಟೇ ಅಂದರು. ಅದಕ್ಕಾಗಿ ಅವರ ಮೇಲೆ ಗೌರವ ಬಂತು. ಆಮೇಲೆ ಟ್ಯಾಂಕಿನ ಮೇಲೆ ಅಂಗೈ ಇಟ್ಟರು.

"ಬರುವವರು ಯಾರು?"

ಬಾಯಿ ತೆರೆದೆ. ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ. ಹಲ್ಲಿನ ಹಿಂದೆ ಹಳೆಯ ಹೆಸರೇ ಬಂದು ಕೂತಿತ್ತು. ತುಟಿ ಕಚ್ಚಿಕೊಂಡೆ. ಸಾಬರ ಕೈ ಹಾಗೇ ಇತ್ತು. ಎಲ್ಲಿ ನೋಡುವುದೆಂದು ತಿಳಿಯದೆ ಹ್ಯಾಂಡಲಿನ ಕನ್ನಡಿಯನ್ನು ನೋಡಿದೆ.

ಕನ್ನಡಿಯಲ್ಲಿ ಅತ್ತೆ ಇದ್ದರು. ಚಹಾದ ಲೋಟವನ್ನು ಎರಡೇ ಬೆರಳಿನಲ್ಲಿ, ಮೈಯಿಂದ ಆದಷ್ಟು ದೂರ ಹಿಡಿದು ನಿಂತಿದ್ದರು. ಸೀರೆಗೆ ಕಲೆಯಾಗದ ಹಾಗೆ. ಯಾರೂ ಅವರ ಹೆಸರು ಹೇಳಿರಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ರಸ್ತೆಯನ್ನು ನೋಡುತ್ತಿದ್ದರು. ಕಾ‌ಲಲ್ಲಿ ಮದುವೆಮನೆಗೆ ಹಾಕಿಕೊಳ್ಳುವ ಚಪ್ಪಲಿ.

ಎಷ್ಟೊಂದು ಬೇಳೆ ನೆನೆಸಿ, ಎಷ್ಟೊಂದು ಜನಕ್ಕೆ ಬಡಿಸಿದರು ಎಂದು ಆಗ ಹೊಳೆಯಿತು.

"ನಮ್ಮತ್ತೆ," ಎಂದೆ.

ಸಾಬರು ತಟ್ಟನೆ ಕೈ ತೆಗೆದರು. "ಅತ್ತೆ ಅನ್ನೋದು ಹೆಸರಲ್ಲ ತಾಯಿ. ಊರ ತುಂಬ ಅತ್ತೆಯರೇ. ಒಂದೇ ಸಲಕ್ಕೆ ಎಲ್ಲರ ಕೈಯಿಂದಲೂ ಪಾತ್ರೆ ಬಿದ್ದರೆ ಏನು ಗತಿ?"

ಅತ್ತೆ ಇನ್ನೂ ರಸ್ತೆಯನ್ನೇ ನೋಡುತ್ತಿದ್ದರು. ಆದರೆ ಲೋಟ ಅಲುಗಿತು. ಫಿಲೋಮಿನಾ ಸ್ಕೂಟರಿನಿಂದ ಬೆನ್ನೆತ್ತಿ ನೆಟ್ಟಗೆ ನಿಂತರು. "ಹೇಳಿ ಮೇಡಂ, ಹೇಳಿ. ಉಂಡ ಊಟ ಮಾತ್ರ ವಾಪಸ್ ಕೊಡಕ್ಕಾಗಲ್ಲ," ಎಂದರು.

"ಸರಸ್ವತಮ್ಮ," ಎಂದೆ, ಅತ್ತೆಯ ಕಡೆ ತಿರುಗಿ. ಹಿರಿಯರ ಹೆಸರು ಅವರ ಎದುರಿಗೇ ಹೇಳಿದ್ದು ಅದೇ ಮೊದಲು. ಕಿವಿ ಬಿಸಿಯಾಯಿತು.

ಅತ್ತೆ ತಲೆ ತಿರುಗಿಸಲಿಲ್ಲ.

"ಅದು ನಿಮ್ಮ ಮಾವನ ಮನೇವರು ಮದುವೆ ದಿನ ಅಕ್ಕಿ ಮೇಲೆ ಬರೆದ ಹೆಸರು," ಎಂದರು, ರಸ್ತೆಗೆ ಹೇಳುವವರ ಹಾಗೆ. "ಆ ಹೆಸರಿಗೆ ನಾನು ಯಾವತ್ತೂ ತಿರುಗಿಲ್ಲ. ಅದನ್ನ ಹೇಳಿದ್ರೆ ನಿನ್ನ ಗಾಡಿ ಹೋಗಿ ಆ ಲಾರಿ ಪಕ್ಕ ನಿಲ್ಲುತ್ತೆ."

"ಮತ್ತೆ ನಿಮ್ಮ ಹೆಸರೇನು ಅತ್ತೆ?"

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕಳೆದವಳು ಕೇಳಬೇಕಾದ ಪ್ರಶ್ನೆಯೇ ಅದು? ಸಾಬರು ಗಡ್ಡ ಕೆರೆದುಕೊಳ್ಳುತ್ತ ಒಲೆಯ ಕಡೆ ನೋಡಿದರು. ಅವರಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಶ್ರೀಕಂಠ ಇದೇ ಗೇಟಿನಲ್ಲಿ ಅದನ್ನೇ ಹೇಳಿ ಹೊರಡುತ್ತಿದ್ದನಲ್ಲ. ಆದರೆ ಗೇಟಿನವರು ಹೇಳಿಕೊಡುವಂತಿಲ್ಲ.

"ಅವನು ಹೇಳಿದ್ದೇ ಕೊನೆ," ಎಂದರು ಅತ್ತೆ. ಆಮೇಲೆ ಸೆರಗು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ, "ಸೇವಂತಿ," ಎಂದರು. "ನಮ್ಮವ್ವ ಇಟ್ಟಿದ್ದು. ನಗಬೇಡ."

ನಾನು ಗಾಡಿಯ ಕಡೆ ತಿರುಗಿದೆ. ಸಾಬರು ಮತ್ತೆ ಅಂಗೈ ಇಟ್ಟರು, ಮತ್ತೆ ಕೇಳಿದರು. ಈ ಸಲ ನಾಲಿಗೆಯಲ್ಲಿ ಒಂದೇ ಹೆಸರಿತ್ತು. ಗಟ್ಟಿಯಾಗಿ ಹೇಳಿದೆ. ಕನ್ನಡಿಯಲ್ಲಿ, ಯಾರೋ ಹೊಸ್ತಿಲಲ್ಲಿ ನಿಂತು ಕರೆದ ಹಾಗೆ, ಅತ್ತೆ ತಲೆ ತಿರುಗಿಸಿದರು.

"ಹೋಗಿ ಬಾರಮ್ಮ," ಎಂದು ಸಾಬರು ಗೇಟು ಎತ್ತಿದರು.

ಹೊರಟೆ. ಗಾಳಿ ಬೆಚ್ಚಗಿತ್ತು. ಎರಡನೆಯ ಗುಡ್ಡ, ಗಾಳಿಯಂತ್ರಗಳು, ನವಿಲಿನ ದಾರಿ, ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಎಷ್ಟು ದೂರ ಹೋದರೆ ಅತ್ತೆಗೆ ಅಷ್ಟು ದೂರ ಸಿಗುತ್ತದೆ. ಫಿಲೋಮಿನಾರ ಸ್ಕೂಟರಿನ ಹಿಂದೆ ಕೂತು ಬರಬಹುದು. ಉಪ್ಪಿನ ಬಯಲಿನಲ್ಲೇ ನಿಂತರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದಾಗ ಮೊದಲ ತಿರುವು ಬಂತು. ತಿರುವಿನ ಮೋರಿಯ ಹತ್ತಿರ ಗಾಡಿ ಒಂದು ಸಲ ಕೆಮ್ಮಿ ನಿಂತುಬಿಟ್ಟಿತು.

ಹಿಂತಿರುಗಿ ನೋಡಿದೆ. ಗೇಟು ಅಲ್ಲೇ ಕಾಣುತ್ತಿತ್ತು. ಸಾಬರ ಒಲೆಯ ಹೊಗೆ ಕೂಡ.

ಮಾಡುವುದಕ್ಕೇನೂ ಇರಲಿಲ್ಲ. ಗಾಡಿಗೆ ಸ್ಟ್ಯಾಂಡು ಹಾಕಿ ಮೋರಿಯ ಕಟ್ಟೆಯ ಮೇಲೆ ಕೂತೆ. ಕೂತ ಮೇಲೆ ಕಾಲಿನ ಕಡೆ ನೋಡಿಕೊಂಡರೆ, ಬೂಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದೆ. ಯಾವಾಗ ಬಿಚ್ಚಿದೆನೋ ತಿಳಿಯದು. ಇದುವರೆಗೆ ನಾನು ಹೆಚ್ಚಾಗಿ ಬರುವವಳಾಗಿದ್ದೆ, ಕಾಯುವವಳಾಗಿರಲಿಲ್ಲ. ಕಟ್ಟೆ ಬಿಸಿಲಿಗೆ ಹಿತವಾಗಿ ಕಾದಿತ್ತು. ಅವನಿಗೆ ಕಾಯುವುದರಲ್ಲಿ ಬೇಸರವಿರುತ್ತಿರಲಿಲ್ಲ ಎಂದು ನನಗೆ ಅಲ್ಲಿ ಕೂತಾಗ ಗೊತ್ತಾಯಿತು.

ದೂರದಲ್ಲಿ ಅತ್ತೆ ಬರುವುದು ಕಾಣಿಸಿತು. ಸ್ಕೂಟರಿಲ್ಲ, ಏನಿಲ್ಲ, ನಡೆದೇ. ಒಂದು ಕಾಲು ಎಳೆಯುತ್ತ, ಚೀಲ ತೂಗಿಸುತ್ತ, ಆದರೆ ಬಿರಬಿರನೆ. ಹತ್ತಿರ ಬಂದಾಗ ನೋಡಿದರೆ, ಅಷ್ಟು ದೂರ ಹಿಡಿದಿದ್ದರೂ ಚಹಾ ಸೆರಗಿನ ಅಂಚಿಗೆ ಚೆಲ್ಲಿತ್ತು. ಮುಖದಲ್ಲಿ ಸಿಟ್ಟೂ ಇತ್ತು, ಇನ್ನೊಂದೂ ಇತ್ತು.

"ಮೇಡಮ್ಮೋರ ಸವಾರಿ ಈಗ ಬಂತಾ?" ಎಂದೆ. ನಾನು ಹೇಳಬೇಕೆಂದುಕೊಂಡು ಹೇಳಿದ್ದಲ್ಲ.

ಅತ್ತೆ ನಿಂತರು. "ನನಗೆ ಅವ್ವನೋರ ಸವಾರಿ ಅಂತಿದ್ದ," ಎಂದರು. ಆಮೇಲೆ ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಪೆಟ್ರೋಲ್ ಬರೋ ನಲ್ಲಿನ ನೀನೇ ಮುಚ್ಚಿದ್ಯಾ?" ಎಂದು ಕೇಳಿದರು.

"ಇಲ್ಲ ಅತ್ತೆ."

"ನಿಜ ಹೇಳು."

"ನಿಜವಾಗ್ಲೂ ಇಲ್ಲ. ತಾನೇ ನಿಂತಿತು."

"ಮುಂಡೇದು. ಇನ್ನೊಂದು ಚೂರು ಮುಂದೆ ಹೋಗಿ ನಿಲ್ಲೋಕೆ ಏನಾಗಿತ್ತು ಇದಕ್ಕೆ? ಆ ಫಿಲೋಮಿನಾ ಸ್ಕೂಟರು ಒರೆಸಿ ರೆಡಿ ಮಾಡ್ತಿದ್ಲು. ಚಹಾ ಇನ್ನೂ ಅರ್ಧ ಕುಡಿದಿರ್ಲಿಲ್ಲ, ಬಿತ್ತು ನೋಡು ಲೋಟ. ಢಣ್ ಅಂತ." ಅತ್ತೆ ತಮ್ಮ ಕೈಯನ್ನು ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟು ವರ್ಷ ಆದ್ಮೇಲೂ ಬಿತ್ತು ವಾರಿಜಾ. ಸಾಬರು ಲೋಟಕ್ಕೆ ನೆಗ್ಗು ಬಿತ್ತು ಅಂತ ಗೊಣಗಿದ್ರು. ಗೊಣಗ್ಲಿ."

ನನಗೆ ನಗು ಬಂತು. ನಕ್ಕು ಮುಗಿಸಿದಾಗ ಕೆನ್ನೆ ಒದ್ದೆಯಾಗಿತ್ತು. ಅತ್ತೆ ಅದನ್ನು ನೋಡಿ, "ಗುರುಬಸಪ್ಪ ಆಗಿದ್ರೆ ಇದಕ್ಕೆ ಬೇರೆ ಕೇಳ್ತಿದ್ದ," ಎಂದು ಸೆರಗಿನಿಂದ ಒರೆಸಿದರು. ಚಹಾ ಚೆಲ್ಲಿದ ಸೆರಗು. ಆಮೇಲೆ ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಯಾಕೋ ನಾನೂ ಅದರ ಮೇಲೆ ಕೈ ಇಟ್ಟೆ. ಗಾಡಿ ಗುಡುಗುಡು ಎಂದಿತು. ಅತ್ತೆ ಕೈ ಎಳೆದುಕೊಳ್ಳಲಿಲ್ಲ.

"ಒಂದು ಸಲ ನಿಂತಾಯ್ತಲ್ಲ," ಎಂದರು. "ಇನ್ನು ನಿಲ್ಲಲ್ಲ ತಾನೆ?"

"ನಿಲ್ಲಲ್ಲ."

"ಉಪ್ಪಿನ ತನಕ?"

"ಉಪ್ಪಿನ ತನಕ ಹೋಗಿ ಬರೋವರೆಗೂ."

ಅತ್ತೆ ಚೀಲದ ಬಾಯಿ ಬಿಚ್ಚಿದರು. ಒಳಗೆ ಒಂದು ಶಾಲು, ಮಡಿಸಿದ ಒಂದು ಸೀರೆ, ವಾಂತಿಗೆಂದು ನಾಲ್ಕಾರು ನಿಂಬೆಹಣ್ಣು. ಒಂದು ನಿಂಬೆಹಣ್ಣು ತೆಗೆದು ಮೂಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನೆರಿಗೆ ಎತ್ತಿ, ಮಂಡಿಯನ್ನು ಬೈದು, ಈ ಸಲ ಎರಡೂ ಬದಿಗೆ ಕಾಲು ಹಾಕಿ ಹಿಂದೆ ಕೂತರು.

ನಾನು ಬೂಟು ಹಾಕಿಕೊಂಡು ಗೇರು ಹಾಕಿದೆ.

"ತಡಿ," ಎಂದರು ಅತ್ತೆ, ಭುಜ ಹಿಡಿದು. "ವಾಪಸ್ ಬಂದಾಗ ಯಾರಾದ್ರೂ ಎಲ್ಲಿ ನಿಂತಿತು ಅಂತ ಕೇಳಿದ್ರೆ ಇಲ್ಲಿ ಅಂತ ಹೇಳಬೇಡ. ಉಪ್ಪಿನ ಹತ್ರ ಅನ್ನು. ನಡು ಬಯಲಲ್ಲಿ ನಿಂತಿತ್ತು, ನಮ್ಮತ್ತೆ ಬಂದ್ರು ಅನ್ನು."

"ಜಬ್ಬಾರ್ ಸಾಬರು ಅಲ್ಲಿಂದ ನೋಡ್ತಿದ್ದಾರೆ ಅತ್ತೆ. ಟವೆಲ್ ಬೀಸ್ತಿದ್ದಾರೆ."

"ಅವರಿಗೆ ಕಣ್ಣಿಗೆ ಪೊರೆ ಬಂದಿದೆ," ಎಂದರು ಸೇವಂತಿ. "ನಡೀ."